ಮಾಳಿಗೆಯ ಮೇಲಿನ ಏರಿಯಲ್ಲು

ರಾಜ್ಯೋತ್ಸವದ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಏನಾದರೂ ಬರೆದುಕೊಡಿರೆಂದು ಸಂಘದ ಮಿತ್ರರು ಕೇಳಿದಾಗ ಅವರ ಮನಸ್ಸಿನಲ್ಲಿ ಕದಂಬರೋ ಚಾಲುಕ್ಯರೋ ಇದ್ದಿರಬೇಕು. ನಾವಾದರೋ ವಾಣಿಜ್ಯ ಪದವಿಯ ಬಲದಿಂದ ಬ್ಯಾಂಕಿನ ಮೇಜಿನ ಮುಂದೆ ದಿನ ಕಳೆಯುವವರು, ಶಾಸನಗಳನ್ನು ಓದಬಲ್ಲವರಲ್ಲ. ಆದರೆ ಮುಂಬಯಿಯ ನಮ್ಮ ಮನೆಯಲ್ಲಿ 2017ರ ದೀಪಾವಳಿಯ ಹೊತ್ತಿಗೆ ಎದ್ದ ಒಂದು ಸಣ್ಣ ಪ್ರಶ್ನೆ, ಅಂದರೆ ಟೆಲಿವಿಷನ್ನಿಗೆ ಯಾವ ಏರಿಯಲ್ಲನ್ನು ತರಬೇಕೆಂಬುದು, ನಮ್ಮನ್ನು ಚರಿತ್ರೆಯೊಳಕ್ಕೇ ಎಳೆದುಕೊಂಡು ಹೋಯಿತು. ಅದನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಆ ವರ್ಷ ನಮ್ಮ ತಂದೆಯವರು ಮೊಣಕಾಲಿನ ನೋವಿನಿಂದ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದರು. ರಾಯಚೂರು ಜಿಲ್ಲೆಯ ಒಂದು ಹಳ್ಳಿಯಿಂದ 1984ರಲ್ಲಿ ಈ ನಗರಕ್ಕೆ ಬಂದವರು. ಮೂವತ್ತಮೂರು ವರ್ಷ ದುಡಿದ ಮೇಲೆ ಅವರು ಕೇಳಿದ್ದು ಒಂದೇ. "ಸಂಜಿಮುಂದ ಒಂದೀಟು ಕನ್ನಡ ಕೇಳೂ ಹಂಗ ಮಾಡಪಾ, ತಮ್ಮಾ" ಎಂದರು. ಕೇಬಲ್ಲಿನವನು ತಿಂಗಳು ತಿಂಗಳೂ ಹಣ ಹೆಚ್ಚಿಸುತ್ತಿದ್ದನೇ ಹೊರತು ಕನ್ನಡದ ವಾಹಿನಿ ಕೇಳಿದರೆ ಮುಖ ತಿರುಗಿಸುತ್ತಿದ್ದನು. ಆಗ ನಾವು ಒಂದು ಅಂಗಡಿಗೆ ಹೋಗಿ, ಅಂಗಡಿಯವನ ಮಾತನ್ನು ನಂಬಿ, "ಡಿಜಿಟಲ್ ಏರಿಯಲ್ಲು" ಎಂದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿದ್ದ ಒಂದು ಚಪ್ಪಟೆ ಕರಿಯ ಹಲಗೆಯನ್ನು ಕೊಂಡು ತಂದೆವು. "ದೇಶದ ಎಲ್ಲ ಭಾಷೆಯೂ ಬರುತ್ತದೆ ಸಾಹೇಬರೇ" ಎಂದಿದ್ದನು ಅವನು. ಕಿಟಕಿಗೆ ಅಂಟಿಸಿ ನೋಡಿದರೆ ದೂರದರ್ಶನದ ನಾಲ್ಕೈದು ವಾಹಿನಿಗಳು ಸ್ಫಟಿಕದಂತೆ ಮೂಡಿದವು: ಹಿಂದಿ ಬಂತು, ಮರಾಠಿ ಬಂತು. ಕನ್ನಡ ಬರಲಿಲ್ಲ. ತಂದೆಯವರು ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಹೋದರು.

ಅಂಗಡಿಯವನನ್ನು ಬೈದುಕೊಳ್ಳುವುದಕ್ಕಿಂತ ನಮ್ಮ ಅಜ್ಞಾನವನ್ನು ಕಳೆದುಕೊಳ್ಳುವುದು ಮೇಲೆಂದು ತೋರಿತು. ಓದುತ್ತ ಹೋದಂತೆ ಮೊದಲು ತಿಳಿದ ಸಂಗತಿಯೆಂದರೆ, ಡಿಜಿಟಲ್ ಏರಿಯಲ್ಲೆಂಬ ವಸ್ತುವೇ ಪ್ರಪಂಚದಲ್ಲಿ ಇಲ್ಲ! ಏರಿಯಲ್ಲೆಂಬುದು ನಮ್ಮ ಬ್ಯಾಂಕಿನ ಜವಾನನಿದ್ದಂತೆ. ಲಕೋಟೆಯನ್ನು ತಂದುಕೊಡುವುದಷ್ಟೇ ಅವನ ಕೆಲಸ. ಒಳಗಿರುವುದು ಪತ್ರವೋ ಹುಂಡಿಯೋ ಅವನಿಗೆ ತಿಳಿಯದು. ಬರುವ ಅಲೆ ಹಳೆಯ ಮಾದರಿಯದೋ ಅಂಕಿಗಳಾಗಿ ಮಾರ್ಪಟ್ಟದ್ದೋ ಎಂಬುದನ್ನು ಬಿಡಿಸಿ ಓದುವುದು ಪೆಟ್ಟಿಗೆಯೊಳಗಿನ ಯಂತ್ರ. ಏರಿಯಲ್ಲಿಗೆ ಬೇಕಾದದ್ದು ಎರಡೇ: ಅಲೆಯ ಉದ್ದಕ್ಕೆ ಒಪ್ಪುವ ಅಳತೆ, ಅಲೆ ಹೊರಡುವ ದಿಕ್ಕಿಗೆ ತಿರುಗಿದ ಮುಖ.

ಈ ಅಳತೆಯ ಮರ್ಮವನ್ನು ಮೊದಲು ಕೈಯಲ್ಲಿ ಹಿಡಿದು ತೋರಿಸಿದವನು ಜರ್ಮನಿಯ ಹೈನ್‌ರಿಕ್ ಹರ್ಟ್ಸ್. 1887–88ರಲ್ಲಿ ಕಾರ್ಲ್ಸ್‌ರೂಹೆಯ ತನ್ನ ಪ್ರಯೋಗಶಾಲೆಯಲ್ಲಿ ಒಂದು ಕಡೆ ಕಿಡಿ ಹಾರಿಸಿ, ತಂತಿಯ ಸಂಪರ್ಕವಿಲ್ಲದೆ ಇನ್ನೊಂದು ಕಡೆ ಬಳೆಯಂತಹ ತಂತಿಯ ಸಂದಿಯಲ್ಲಿ ಸಣ್ಣ ಕಿಡಿಯನ್ನು ಕಂಡನು. ಕೆಲವೇ ವರ್ಷಗಳಲ್ಲಿ, 1895ರಲ್ಲಿ, ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಬಹಳ ಚಿಕ್ಕ ಅಲೆಗಳಿಂದ ಇಂತಹ ಪ್ರಯೋಗಗಳನ್ನು ಸಾರ್ವಜನಿಕರ ಎದುರಿಗೇ ಮಾಡಿ ತೋರಿಸಿದರು. ಅಲೆಯ ಉದ್ದದ ಸುಮಾರು ಅರ್ಧದಷ್ಟು ಉದ್ದವಾದ ಲೋಹದ ಕಡ್ಡಿ ಆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆಂಬುದು ಈ ವಿದ್ಯೆಯ ಮೂಲಪಾಠ.

ಆದರೆ ನಾವು ಚಿಕ್ಕಂದಿನಲ್ಲಿ ಪ್ರತಿ ಮಾಳಿಗೆಯ ಮೇಲೂ ಕಂಡ, ಮೀನಿನ ಮುಳ್ಳಿನಂತಹ ಆ ಕಡ್ಡಿಗಳ ಸಾಲು ಬಂದದ್ದು ಜಪಾನಿನಿಂದ. ಅದರ ಕಥೆ ಸ್ವಾರಸ್ಯವಾದದ್ದು. 1926ರಲ್ಲಿ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೋ ಉದಾ ಎಂಬ ತರುಣ ಸಂಶೋಧಕನೂ ಹಿದೆತ್ಸುಗು ಯಾಗಿ ಎಂಬ ಪ್ರಾಧ್ಯಾಪಕನೂ ಇದನ್ನು ಪ್ರಕಟಿಸಿದರು. ತಂತಿ ಕಟ್ಟಿದ ಒಂದು ಕಡ್ಡಿಯ ಹಿಂದೆ ಸ್ವಲ್ಪ ಉದ್ದನೆಯ ಕಡ್ಡಿಯನ್ನು ಇಟ್ಟರೆ ಅದು ಕನ್ನಡಿಯಂತೆ ಅಲೆಯನ್ನು ಹಿಂದಿರುಗಿಸುತ್ತದೆ. ಮುಂದೆ ಗಿಡ್ಡ ಕಡ್ಡಿಗಳನ್ನು ಇಟ್ಟರೆ ಅವು ಅಲೆಯನ್ನು ಕೈಹಿಡಿದು ಕರೆತರುತ್ತವೆ. ಈ ಕಡ್ಡಿಗಳಿಗೆ ತಂತಿಯ ಸಂಬಂಧವೇ ಇಲ್ಲ. ಸುಮ್ಮನೆ ನಿಂತೇ ಕೆಲಸ ಮಾಡುತ್ತವೆ. ಹೆಚ್ಚಿನ ಪ್ರಯೋಗಗಳನ್ನು ನಡೆಸಿದವನು ಉದಾ. ಆದರೆ 1928ರಲ್ಲಿ ಇಂಗ್ಲಿಷಿನಲ್ಲಿ ಬರೆದು ಹೊರನಾಡಿಗೆ ತಿಳಿಸಿದವನು ಯಾಗಿ. ಆದುದರಿಂದ ಲೋಕದ ಬಾಯಲ್ಲಿ ಅದು ಯಾಗಿಯ ಏರಿಯಲ್ಲಾಗಿಯೇ ಉಳಿಯಿತು. ಕೆಳಗಿನವನು ದುಡಿದು ಮೇಲಿನವನ ಹೆಸರು ಬರುವ ಈ ಸಂಪ್ರದಾಯ ಬ್ಯಾಂಕಿನಲ್ಲಿ ಮಾತ್ರ ಇದೆಯೆಂದು ನಾವು ಭಾವಿಸಿದ್ದೆವು.

ಇಷ್ಟಾದರೂ ಜಪಾನಿನಲ್ಲೇ ಅದಕ್ಕೆ ಮರ್ಯಾದೆ ಸಿಕ್ಕಲಿಲ್ಲ. 1942ರ ಫೆಬ್ರವರಿಯಲ್ಲಿ ಸಿಂಗಪುರವನ್ನು ಗೆದ್ದ ಜಪಾನೀ ಸೈನ್ಯಕ್ಕೆ ಒಬ್ಬ ಬ್ರಿಟಿಷ್ ಸೈನಿಕನ ಟಿಪ್ಪಣಿ ಪುಸ್ತಕ ದೊರಕಿತು. ರೇಡಾರಿನ ವಿವರಗಳ ನಡುವೆ "ಯಾಗಿ" ಎಂಬ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ಅದೇನೆಂದು ಅವರಿಗೆ ತಿಳಿಯದೆ ಸೆರೆಯಾಳನ್ನೇ ಕೇಳಿದರಂತೆ. ಅದು ನಿಮ್ಮ ದೇಶದ ಪ್ರಾಧ್ಯಾಪಕನ ಹೆಸರಲ್ಲವೇ ಎಂದು ಅವನು ಬೆರಗಾದನಂತೆ. ಮನೆಯ ಮಗುವಿನ ಹೆಸರನ್ನು ನೆರೆಯವರಿಂದ ಕೇಳಿ ತಿಳಿದ ಹಾಗಾಯಿತು.

ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಯೋಗವಾಗಿ ಆರಂಭವಾದದ್ದು ದೆಹಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಮುಂಬಯಿಗೆ ಬಂದದ್ದು 1972ರ ಅಕ್ಟೋಬರ್ 2ರಂದು. ಮರುವರ್ಷ ಸಿಂಹಗಡದ ಮೇಲೆ ಮರುಪ್ರಸಾರದ ಕೇಂದ್ರವಾಗಿ ಪುಣೆಯವರಿಗೂ ಮುಂಬಯಿಯ ಕಾರ್ಯಕ್ರಮ ಕಾಣುವಂತಾಯಿತು. ವರಳಿಯಲ್ಲಿ ಸುಮಾರು 300 ಮೀಟರಿನ ಗೋಪುರ ಎದ್ದು ನಿಂತಿತು. ಊರಿನ ಮಾಳಿಗೆಗಳೆಲ್ಲ ಅತ್ತ ಮುಖ ಮಾಡಿದವು. ಮುಂಬಯಿಯ ಮೊದಲನೆಯ ವಾಹಿನಿ ಸುಮಾರು 60 ಮೆಗಾಹರ್ಟ್ಸಿನ ಆಸುಪಾಸಿನಲ್ಲಿತ್ತು. ಮುನ್ನೂರನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ: ಹೆಚ್ಚುಕಡಿಮೆ ಐದು ಮೀಟರು. ಅರ್ಧವೆಂದರೆ ಎರಡೂವರೆ ಮೀಟರು, ಆಳಿಗಿಂತ ಉದ್ದ! ಆ ಏರಿಯಲ್ಲುಗಳು ಮಾಳಿಗೆಯನ್ನೆಲ್ಲ ಆಕ್ರಮಿಸಿಕೊಂಡಿದ್ದುದು ಏಕೆಂದು ಈಗ ತಿಳಿಯಿತು.

ಸಂಘದ ಹಿರಿಯ ಸದಸ್ಯರಿಗೆ ಆ ದಿನಗಳ ನೆನಪು ಮಾಡಿಕೊಡಬೇಕಾದುದಿಲ್ಲ. ನಾವೂ 1990ರ ದಶಕದ ಮೊದಲ ಭಾಗದಲ್ಲಿ ಅದರ ಕೊನೆಯ ಅಂಕವನ್ನು ಕಂಡವರು. ಮಾಳಿಗೆಯ ಮೇಲೆ ಒಬ್ಬ, ಮೆಟ್ಟಿಲಲ್ಲಿ ಒಬ್ಬ, ಮನೆಯೊಳಗೆ ಒಬ್ಬ. "ಆಲಂ ಕಾ?" ಎಂದು ಮೇಲಿನಿಂದ ಕೂಗು, "ನಾಹಿ, ಗೇಲಂ!" ಎಂದು ಕೆಳಗಿನಿಂದ ಉತ್ತರ. ಕಾಗೆ ಕುಳಿತು ಕಡ್ಡಿ ತಿರುಗುವುದು, ಸಂಕ್ರಾಂತಿಯ ಗಾಳಿಪಟದ ದಾರ ಸುತ್ತಿಕೊಳ್ಳುವುದು, ಸಮುದ್ರದ ಉಪ್ಪುಗಾಳಿಗೆ ತಿರುಪುಗಳು ತುಕ್ಕು ಹಿಡಿಯುವುದು, ಎಷ್ಟೆಂದು ಹೇಳುವುದು! ಬಹಳ ಮಂದಿ ಉದ್ದ ಕಡ್ಡಿಯ ಕಡೆಯನ್ನು ಗೋಪುರಕ್ಕೆ ತಿರುಗಿಸುತ್ತಿದ್ದರು. ತಿರುಗಿಸಬೇಕಾದದ್ದು ಗಿಡ್ಡ ಕಡ್ಡಿಗಳ ತುದಿಯನ್ನು.

ಎಷ್ಟು ಸರಿಯಾಗಿ ತಿರುಗಿಸಿದರೇನು? ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ನಡೆಯುವಂಥವು. ಭೂಮಿ ಬಾಗಿದಂತೆ ಬಾಗುವುದಿಲ್ಲ. ಗೋಪುರದ ತುದಿ ಕಾಣುವಷ್ಟು ದೂರ, ಅದಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅಷ್ಟೇ ಅದರ ರಾಜ್ಯ. ಬಾನುಲಿಯಾದರೆ ರಾತ್ರಿ ಹೊತ್ತು ಧಾರವಾಡವನ್ನೋ ಬೆಂಗಳೂರನ್ನೋ ಗರಗರ ಶಬ್ದದ ನಡುವೆ ಹುಡುಕಿ ಹಿಡಿಯಬಹುದಾಗಿತ್ತು. ಟೆಲಿವಿಷನ್ನಿನ ಏರಿಯಲ್ಲು ಮಾತ್ರ ನಾವು ದುಡಿಯುವ ಊರಿನ ಗೋಪುರವನ್ನಲ್ಲದೆ ನಮ್ಮ ಹುಟ್ಟೂರನ್ನು ನೋಡಲಾರದು. ಮುಂಬಯಿ, ಮದ್ರಾಸು, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಯಾರ ದ್ವೇಷದಿಂದ ಆದದ್ದೂ ಅಲ್ಲ, ರೇಖಾಗಣಿತದಿಂದ ಆದದ್ದು.

ಇಲ್ಲಿಯವರೆಗೆ ಓದಿ ನಾವು ತಂದೆಯವರಿಗೆ ವಿವರಿಸಿ ಹೇಳಿದೆವು. ಅವರು ನಕ್ಕು, "ನಾ ಈ ಊರಿಗೆ ಬಂದ ಮ್ಯಾಲೆ ಟೀವ್ಯಾಗ ಕನ್ನಡ ಹೋತು. ನಮ್ಮ ಹಳ್ಳ್ಯಾಗ ಇತ್ತಲ್ಲ" ಎಂದರು. 1984ಕ್ಕೆ ಮೊದಲು ರಾಯಚೂರಿನ ಹಳ್ಳಿಯಲ್ಲಿ ಟೆಲಿವಿಷನ್ನೇ? ನಮಗೆ ನಂಬಿಕೆ ಬರಲಿಲ್ಲ. ಶಾಲೆಯ ಮುಂದೆ ಕೋಳಿಗೂಡಿನ ಬಲೆಯ ಒಂದು ದೊಡ್ಡ ಛತ್ರಿ ಇತ್ತೆಂದು ಅವರು ಹೇಳಿದಾಗ ಮರೆವಿನ ಮಾತೆಂದೇ ಭಾವಿಸಿದೆವು. ಹುಡುಕಿ ನೋಡಿದರೆ ಅಕ್ಷರಶಃ ಸತ್ಯ!

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸರಿಯಾಗಿ ಒಂದು ವರ್ಷ, ಅಮೆರಿಕೆಯ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು ನಮ್ಮ ಬಾಹ್ಯಾಕಾಶ ಸಂಸ್ಥೆ 'ಸೈಟ್' ಎಂಬ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದಕ್ಕೆ ಸೇರಿದ್ದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನಲ್ಲಿ ಆಗ ದೂರದರ್ಶನವಿರಲಿಲ್ಲ. ಅಲ್ಲಿಗೆ ಬಂದದ್ದು 1980ರ ದಶಕದಲ್ಲಿ. ರಾಜಧಾನಿ ಕಾಣುವ ಮೊದಲೇ ಹೈದರಾಬಾದು ಕರ್ನಾಟಕದ ಬಡ ಹಳ್ಳಿ ಕನ್ನಡದ ಟೆಲಿವಿಷನ್ನನ್ನು ಕಂಡಿತೆಂಬುದನ್ನು ನಮ್ಮ ಶಾಲಾಪುಸ್ತಕಗಳಲ್ಲಿ ನಾವು ಓದಿದ ನೆನಪಿಲ್ಲ.

ಆ ಏರಿಯಲ್ಲನ್ನು ಕುರಿತು ನಾಲ್ಕು ಮಾತು ಹೇಳಲೇಬೇಕು. ಹತ್ತು ಅಡಿ ಅಗಲದ ಬೋಗುಣಿ. ಅದರ ಮೈಯೆಲ್ಲ ಕೋಳಿಗೂಡಿನ ತಂತಿಬಲೆ. ತೂತಿನ ಬಲೆಯಲ್ಲಿ ಅಲೆ ಸೋರಿಹೋಗುವುದಿಲ್ಲವೇ ಎಂದು ಕೇಳಬಹುದು. ಆ ಪ್ರಸಾರ 860 ಮೆಗಾಹರ್ಟ್ಸಿನದು; ಅಲೆಯ ಉದ್ದ ಸುಮಾರು 35 ಸೆಂಟಿಮೀಟರು. ಅಷ್ಟು ಉದ್ದದ ಅಲೆಗೆ ಬಲೆಯ ಸಣ್ಣ ತೂತು ಕಾಣಿಸುವುದೇ ಇಲ್ಲ. ಬಲೆಯೇ ಅದಕ್ಕೆ ಗೋಡೆ. ಅಗ್ಗ, ಹಗುರ, ಗಾಳಿಗೂ ಬಗ್ಗದು. ಉಪಗ್ರಹದಿಂದ ಪ್ರಸಾರ ಮಾಡಬಹುದೆಂದು 1945ರಲ್ಲಿಯೇ ಬರೆದಿದ್ದ ಆರ್ಥರ್ ಕ್ಲಾರ್ಕನಿಗೂ ಕೊಲಂಬೊದ ಅವನ ಮನೆಯಲ್ಲಿ ಇಂತಹದೇ ಒಂದನ್ನು ನಮ್ಮವರು ಹಾಕಿಕೊಟ್ಟಿದ್ದರು. ಕಲ್ಪಿಸಿದವನ ಮನೆಯಲ್ಲೂ ನಮ್ಮ ತಂದೆಯವರ ಶಾಲೆಯಲ್ಲೂ ಒಂದೇ ಛತ್ರಿ!

ದಿನಕ್ಕೆ ನಾಲ್ಕು ಗಂಟೆ ಪ್ರಸಾರ: ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ; ವ್ಯವಸಾಯ, ಆರೋಗ್ಯ, ಮನರಂಜನೆ. ಹಿಂದಿ, ಒರಿಯಾ, ತೆಲುಗು, ಕನ್ನಡಗಳು ಆ ಹೊತ್ತನ್ನು ಹಂಚಿಕೊಳ್ಳಬೇಕಾಗಿದ್ದುದರಿಂದ ಕನ್ನಡದ ಪಾಲು ಸಣ್ಣದೇ. ನಮ್ಮ ಸಂಚಿಕೆಯ ಓದುಗರಿಗೆ ಮುಖ್ಯವೆನಿಸುವ ಸಂಗತಿ ಬೇರೊಂದುಂಟು. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಕನ್ನಡದ ಟೆಲಿವಿಷನ್ ಕಣ್ಣು ಬಿಟ್ಟದ್ದು ಹೊರನಾಡಿನಲ್ಲಿ. ಅಹಮದಾಬಾದಿನಿಂದ ಮೇಲಕ್ಕೆ ಹಾರಿ, ಆಫ್ರಿಕೆಯ ನೆತ್ತಿಯ ಮೇಲೆ 36,000 ಕಿಲೋಮೀಟರು ಎತ್ತರದಲ್ಲಿದ್ದ ಉಪಗ್ರಹವನ್ನು ಮುಟ್ಟಿ, ನಮ್ಮ ತಂದೆಯವರ ಶಾಲೆಯ ಅಂಗಳಕ್ಕೆ ಇಳಿಯುತ್ತಿತ್ತು. ಏಳನೆಯ ಇಯತ್ತೆಯ ಹುಡುಗ, ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತು ನೋಡುತ್ತಿದ್ದರಂತೆ.

ವರ್ಷ ತುಂಬಿದ ದಿನ ಉಪಗ್ರಹ ಒಡೆಯರ ಕಡೆಗೆ ಹಿಂದಿರುಗಿತು. ಮರುಸಂಜೆಯೂ ಹುಡುಗರು ಹೋಗಿ ಕುಳಿತಿದ್ದರಂತೆ. ಪೆಟ್ಟಿಗೆಯ ತುಂಬ ಎಳ್ಳು ಚೆಲ್ಲಿದಂತೆ ಚುಕ್ಕೆಗಳು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಗೋಪುರ ಬಂದು ಸುತ್ತಲಿನ ಕೆಲವು ಹಳ್ಳಿಗಳಿಗೆ ಭಾಗ್ಯ ಮರಳಿತು; ತಂದೆಯವರ ಹಳ್ಳಿ ಅದರ ಎಲ್ಲೆಯ ಆಚೆಗಿತ್ತು. ಛತ್ರಿಯ ಬಲೆ ಕಾಲಾನಂತರದಲ್ಲಿ ಯಾರದೋ ಹಿತ್ತಿಲಿನ ಬೇಲಿಯಾಯಿತು.

ಮುಂದಿನದು ಎಲ್ಲರೂ ಬಲ್ಲದ್ದು. 1982ರಲ್ಲಿ ಬಣ್ಣವೂ ರಾಷ್ಟ್ರೀಯ ಕಾರ್ಯಕ್ರಮವೂ ಬಂದವು, 1987ರಲ್ಲಿ ರಾಮಾಯಣ ಬಂದು ಮಾಳಿಗೆಗಳು ಕಡ್ಡಿಯ ಕಾಡಾದವು, ಆಮೇಲೆ ಕೇಬಲ್ಲು. 2016ರ ಫೆಬ್ರವರಿಯಲ್ಲಿ ದೂರದರ್ಶನ ಮುಂಬಯಿ, ದೆಹಲಿ, ಚೆನ್ನೈ, ಬೆಂಗಳೂರು ಸೇರಿದಂತೆ 16 ನಗರಗಳಲ್ಲಿ ನೆಲದ ಗೋಪುರದಿಂದಲೇ ಡಿಜಿಟಲ್ ಪ್ರಸಾರ ಆರಂಭಿಸಿತು. ನಮ್ಮ ಕರಿಯ ಹಲಗೆ ಹಿಡಿದದ್ದು ಅದನ್ನೇ. ಹಳೆಯ ಮಾದರಿಯ ಪ್ರಸಾರವನ್ನು 2022ರ ಮಾರ್ಚಿನ ಹೊತ್ತಿಗೆ ಆಯಕಟ್ಟಿನ ಕೆಲವು ಕಡೆಗಳನ್ನು ಬಿಟ್ಟು ಉಳಿದೆಡೆ ನಿಲ್ಲಿಸಲಾಯಿತು. ಡಿಜಿಟಲ್ಲಾದರೂ ಗೋಪುರ ಗೋಪುರವೇ. ಅದರ ಎಲ್ಲೆ ಬದಲಾಗಲಿಲ್ಲ, ಮುಂಬಯಿಯ ಗೋಪುರ ಕನ್ನಡವನ್ನು ಕಲಿಯಲೂ ಇಲ್ಲ.

ಹಾಗಾಗಿ ನಮಗೆ ಉಳಿದ ದಾರಿ, ತಂದೆಯವರ ಬಾಲ್ಯದ ಛತ್ರಿಯೇ. 2004ರ ಡಿಸೆಂಬರಿನಲ್ಲಿ ಆರಂಭವಾಗಿ, ಆಮೇಲೆ ಫ್ರೀ ಡಿಶ್ ಎಂದು ಹೆಸರು ಪಡೆದ ದೂರದರ್ಶನದ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ಅದರಲ್ಲಿ ಚಂದನ ವಾಹಿನಿಯೂ ಉಂಟು. ಇಲ್ಲಿ ಅಲೆಯ ಉದ್ದ ಮೂರು ಸೆಂಟಿಮೀಟರಿಗೂ ಕಡಿಮೆ. ಎರಡಡಿಯ ತಟ್ಟೆ ಸಾಕು. ಆದರೆ ಕೋಳಿಗೂಡಿನ ಬಲೆ ನಡೆಯದು, ಗಟ್ಟಿ ತಗಡೇ ಬೇಕು. ಕೊಳ್ಳುವವರು ಡಬ್ಬಿಯ ಮೇಲಿನ "ಡಿಜಿಟಲ್" ಎಂಬ ಶಬ್ದವನ್ನು ನೋಡದೆ ತಟ್ಟೆಯ ಅಗಲವನ್ನೂ ತಗಡಿನ ದಪ್ಪವನ್ನೂ ನೋಡಲಿ. ಕಿಟಕಿಯ ಎದುರು ಮರವೋ ಗಗನಚುಂಬಿಯೋ ಅಡ್ಡವಿದ್ದರೆ ಹಣ ಕೊಡುವ ಮುನ್ನವೇ ಯೋಚಿಸಲಿ. ಅಂದಹಾಗೆ, ನಮ್ಮ ದೇಶದ ಪ್ರಸಾರದ ಉಪಗ್ರಹಗಳನ್ನು ದಾರಿ ತಪ್ಪದಂತೆ ಕಾಯುವ ಕೇಂದ್ರ 1982ರಿಂದ ಇರುವುದು ಹಾಸನದಲ್ಲಿ.

ಒಂದು ಭಾನುವಾರ ತಟ್ಟೆ ಕೂಡಿಸುವವನು ಬಂದು ಸಜ್ಜದ ಮೇಲೆ ಅದನ್ನು ಬಿಗಿದು ತಿರುಗಿಸತೊಡಗಿದನು. ತಂದೆಯವರು ಕುರ್ಚಿ ಹಾಕಿಸಿಕೊಂಡು ಕಿಟಕಿಯ ಬಳಿ ಕುಳಿತರು. ತಟ್ಟೆಯ ಮುಖ ಆಗ್ನೇಯಕ್ಕೆ ನಿಂತಿತು. "ನಮ್ಮ ಊರಾಗ ಛತ್ರಿ ಹೊತ್ತು ಮುಣುಗೂ ಕಡಿಗೆ ಮುಖ ಮಾಡಿತ್ತು. ಇದ್ಯಾಕ ಇತ್ತಾಗ ತಿರುಗ್ಯದ?" ಎಂದು ಕೇಳಿದರು. ಆಗಿನ ಉಪಗ್ರಹ ಆಫ್ರಿಕೆಯ ಮೇಲಿತ್ತು, ಇದು ಪೂರ್ವಕ್ಕಿದೆ ಎಂದು ನಾವು ಹೇಳಿದೆವು. ಆಮೇಲೆ ನಕಾಶೆ ತೆಗೆದು, ಮುಂಬಯಿಯ ಮೇಲೆ ಅಳತೆಪಟ್ಟಿಯಿಟ್ಟು, ತಟ್ಟೆ ನೋಡುತ್ತಿದ್ದ ದಿಕ್ಕಿಗೆ ಗೆರೆ ಎಳೆದು ತೋರಿಸಿದೆವು. ಗೆರೆ ಸೊಲ್ಲಾಪುರವನ್ನು ಎಡಕ್ಕೆ ಬಿಟ್ಟು ಹೆಚ್ಚುಕಡಿಮೆ ರಾಯಚೂರಿನ ಹತ್ತಿರವೇ ಹಾದುಹೋಗಿತ್ತು. ತಂದೆಯವರು ಬೆರಳಿನಿಂದ ಅದನ್ನು ಎರಡು ಸಲ ಸವರಿ ನೋಡಿದರು. ಅಷ್ಟರಲ್ಲಿ ಒಳಗಿನಿಂದ ತಾಯಿಯವರು, "ಬಂತು, ಬಂತು! ಇನ್ನ ಅಳ್ಳಾಡಿಸಬ್ಯಾಡ್ರಿ!" ಎಂದು ಕೂಗಿದರು.