ಗುಂಡ್ಲುಪೇಟೆಯ ಮಕ್ಕಳಿಗೆ ನಿಧಾನ ಮದ್ದು

1973ರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದಾಗ ಚಾಮರಾಜನಗರ, ಗುಂಡ್ಲುಪೇಟೆ ಇನ್ನೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಗುಂಡ್ಲುಪೇಟೆಯಿಂದ ಅಲ್ಲಿಗೆ ಸುಮಾರು 200 ಕಿ.ಮೀ. ರಕ್ತ ಕ್ಯಾನ್ಸರ್ ತಗುಲಿದ ಮಗುವಿನ ಮನೆಯವರಿಗೆ, ಒಂದು ಚುಚ್ಚುಮದ್ದು ಮೈಯಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ಬಸ್ ಚಾರ್ಜು, ತಪ್ಪಿದ ಕೂಲಿಯ ಲೆಕ್ಕವೂ ಹೌದು.

ಇಂಥ ಚುಚ್ಚುಮದ್ದುಗಳಲ್ಲೊಂದು ಆಸ್ಪರಜಿನೇಸ್ ಎಂಬ ಕಿಣ್ವ. ಗಿನಿಯಿಲಿಯ ಸೀರಂ ಇಲಿಗಳ ಕ್ಯಾನ್ಸರ್ ಗಡ್ಡೆಯನ್ನು ಕುಗ್ಗಿಸುವುದನ್ನು 1953ರಲ್ಲಿ ವಿಜ್ಞಾನಿ ಜಾನ್ ಕಿಡ್ ಕಂಡರು. ಅದರಲ್ಲಿರುವ ಈ ಕಿಣ್ವವೇ ಕಾರಣವೆಂದು 1961ರಲ್ಲಿ ಜಾನ್ ಬ್ರೂಮ್ ಗುರುತಿಸಿದರು. ಲ್ಯುಕೇಮಿಯಾ (ರಕ್ತ ಕ್ಯಾನ್ಸರ್) ಕೋಶಗಳು ಬದುಕಲು ಬೇಕಾದ ಆಸ್ಪರಜಿನ್ ಎಂಬ ಅಮೈನೋ ಆಮ್ಲವನ್ನು ಅದು ರಕ್ತದಲ್ಲೇ ಒಡೆದುಹಾಕುತ್ತದೆ. ಆದರೆ ಮದ್ದಿಗಾಗಿ ಬ್ಯಾಕ್ಟೀರಿಯಾದಿಂದ ತೆಗೆದ ಈ ಪ್ರೋಟೀನನ್ನು ದೇಹ ಬೇಗ ಹೊರಹಾಕುತ್ತದೆ, ಅಲರ್ಜಿಯ ಭಯ ಬೇರೆ. ವಾರಕ್ಕೆ ಮೂರು ಸಲ ಸೂಜಿ!

ಇದಕ್ಕೆ ದಾರಿಯಾಗಿ, 1970ರ ದಶಕದಲ್ಲಿ ವಿಜ್ಞಾನಿ ಫ್ರಾಂಕ್ ಡೇವಿಸ್ ತಂಡ ಪ್ರೋಟೀನಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್ ಎಳೆಗಳನ್ನು ಬೆಸೆಯಿತು. ನೀರು ಹಿಡಿದಿಡುವ ಆ ಎಳೆಗಳು ಕಿಣ್ವಕ್ಕೆ ಕವಚವಾದವು. ಹೀಗೆ ಬೆಸೆದ ಆಸ್ಪರಜಿನೇಸ್, 1994ರಲ್ಲಿ ಅಮೆರಿಕ ಒಪ್ಪಿದ ಪೆಗಾಸ್ಪರ್ಗೇಸ್, ಎರಡು ವಾರಕ್ಕೊಮ್ಮೆ ಸಾಕಾಯಿತು. ಬೆಸುಗೆಯ ಕೊಂಡಿಯನ್ನು ಇನ್ನಷ್ಟು ಗಟ್ಟಿಮಾಡಿದ ಕಲಾಸ್ಪರ್ಗೇಸ್ 2018ರಲ್ಲಿ ಬಂತು. ಮೂರು ವಾರಕ್ಕೊಮ್ಮೆ ಕೊಟ್ಟರಾಯಿತು.

ಇತ್ತ 1997ರಲ್ಲಿ ಗುಂಡ್ಲುಪೇಟೆಯನ್ನೂ ಒಳಗೊಂಡು ಚಾಮರಾಜನಗರ ಜಿಲ್ಲೆಯಾಯಿತು, ಅಲ್ಲಿಗೆ 2016ರಲ್ಲಿ ವೈದ್ಯಕೀಯ ಕಾಲೇಜೂ ಬಂತು. 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕಾದ ಇಂಥ ಮದ್ದು, ಅಲರ್ಜಿಯಾದರೆ ನೋಡಿಕೊಳ್ಳುವ ತಜ್ಞರ ಸಮೇತ, ಪ್ರತಿ ಜಿಲ್ಲಾ ಕೇಂದ್ರದಲ್ಲೂ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು.