ಒಂದು ಕುದುರೆಯ ಜಾಹೀರಾತು

ಹಳೆಯ ಪತ್ರಿಕೆಯೊಂದು ಕೈಗೆ ಸಿಕ್ಕಿತೆಂದರೆ ನಾನು ಮೊದಲು ಓದುವುದು ಸಂಪಾದಕೀಯವನ್ನಲ್ಲ, ಜಾಹೀರಾತುಗಳನ್ನು. ಇದೇನೂ ಸದಭಿರುಚಿಯ ಲಕ್ಷಣವಲ್ಲವೆಂದು ಮಿತ್ರರು ಹಾಸ್ಯ ಮಾಡುವುದುಂಟು. ಸಂಪಾದಕೀಯ ಬರೆಯುವವರಿಗೆ ಮುಂದಿನ ಪೀಳಿಗೆಯೂ ತಮ್ಮ ಮಾತನ್ನು ಕೇಳೀತೆಂಬ ಆಸೆ ಒಳಗೊಳಗೇ ಇರುತ್ತದೆ. ಜಾಹೀರಾತು ಕೊಟ್ಟವನಿಗೆ ಅಂಥ ಆಸೆಯಿಲ್ಲ. ಈ ವಾರ ನಾಲ್ಕು ಗಿರಾಕಿಗಳು ಬಂದರೆ ಅವನಿಗೆ ಸಾಕು. ಹಾಗೆ ನಾಳೆಯ ಚಿಂತೆಯಿಲ್ಲದೆ ಅಚ್ಚು ಹಾಕಿಸಿದ ಕೆಲವು ಸಾಲುಗಳು ನೂರು ವರ್ಷಗಳ ಮೇಲೆ ಬೆಳಕಿಗೆ ಬಂದು, ಒಂದು ನಾಡಿನ ಜನ ಪ್ರೀತಿಯಿಂದ ನಂಬಿಕೊಂಡಿದ್ದ ಕಥೆಯನ್ನು ತಿದ್ದಿದ ಪ್ರಸಂಗವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ಕುದುರೆಯ ಜಾಹೀರಾತು. ಮಾರಾಟಕ್ಕಿಟ್ಟ ಕುದುರೆಯದಲ್ಲ, ತಳಿ ಪಡೆಯಲೆಂದು ಸಾಕಿದ ಬೀಜದ ಕುದುರೆಯದು.

ಸ್ಥಳ, ಅಮೆರಿಕದ ಈಶಾನ್ಯ ಭಾಗದಲ್ಲಿರುವ ವರ್ಮಾಂಟ್. 1791ರಲ್ಲಿ ಅದು ಸಂಯುಕ್ತ ಸಂಸ್ಥಾನದ ಹದಿನಾಲ್ಕನೆಯ ರಾಜ್ಯವಾಗಿ ಸೇರಿತು. ಅಲ್ಲಿನ ಜನಸಂಖ್ಯೆ ಆಗ ಸುಮಾರು 85,000; ಹತ್ತು ವರ್ಷ ಕಳೆಯುವುದರೊಳಗೆ 1,54,000ವನ್ನು ಮೀರಿತು. ದಕ್ಷಿಣದ ಹಳೆಯ ಊರುಗಳಲ್ಲಿ ಭೂಮಿ ಸಾಲದೆ ಬಂದ ಕುಟುಂಬಗಳು ಬೆಟ್ಟದ ಕಾಡನ್ನು ಕಡಿದು, ಬೊಡ್ಡೆಗಳ ನಡುವೆಯೇ ಬೀಜ ಬಿತ್ತಿ, ಮರದ ಬೂದಿಯಿಂದ ಪೊಟ್ಯಾಷ್ ತಯಾರಿಸಿ ಮಾರಿ ಬದುಕು ಕಟ್ಟುತ್ತಿದ್ದ ಕಾಲ ಅದು. ಕೈಯಲ್ಲಿ ನಾಣ್ಯ ಕಾಣುವುದು ಅಪರೂಪ. ಅಂಗಡಿಯ ಸಾಲವನ್ನೂ ಕಮ್ಮಾರನ ಕೂಲಿಯನ್ನೂ ಸುಗ್ಗಿಯಲ್ಲಿ ಧಾನ್ಯವಾಗಿ ತೀರಿಸುವುದು ವಾಡಿಕೆ. ಅಂಥ ರೈತನಿಗೆ ಮರ ಎಳೆಯಲು, ಹೊಲ ಉಳಲು, ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಇಗರ್ಜಿಗೆ ಹೋಗಲು ಒಂದೇ ಕುದುರೆ ಸಾಕಾಗಬೇಕು. ಆದ್ದರಿಂದ ತನ್ನ ಹೆಣ್ಣುಕುದುರೆಗೆ ಯಾವ ಗಂಡುಕುದುರೆಯಿಂದ ಮರಿ ಪಡೆಯಬೇಕೆಂಬುದು ಅವನಿಗೆ ಹೊಲ ಕೊಳ್ಳುವಷ್ಟೇ ಮುಖ್ಯವಾದ ಪ್ರಶ್ನೆಯಾಗಿತ್ತು.

ನಮ್ಮ ಹಳ್ಳಿಗಳಲ್ಲಿ ಇಂಥ ಪ್ರಶ್ನೆಗೆ ಬೇರೊಂದು ಉತ್ತರವಿತ್ತು. ದೇವರ ಹೆಸರಿನಲ್ಲಿ ಬಿಟ್ಟ ಬಸವ ಊರೆಲ್ಲ ತಿರುಗುತ್ತಿದ್ದ. ಯಾರ ಹೊಲದಲ್ಲಿ ಮೇದರೂ ಅವನನ್ನು ಹೊಡೆಯುವವರಿಲ್ಲ. ಊರಿನ ಹಸುಗಳಿಗೆಲ್ಲ ಅವನೇ ಹೋರಿ. ಅದಕ್ಕೆ ಬೆಲೆಯಿಲ್ಲ, ಕರಾರಿಲ್ಲ, ಜಾಹೀರಾತು ಮೊದಲೇ ಇಲ್ಲ. ವರ್ಮಾಂಟಿನಲ್ಲಿಯಾದರೋ ಬೀಜದ ಕುದುರೆ ಒಬ್ಬ ವ್ಯಕ್ತಿಯ ಆಸ್ತಿ. ಅದರ ಸೇವೆ ಬೇಕಾದವರು ಶುಲ್ಕ ಕೊಡಬೇಕು. ಶುಲ್ಕ ಕೊಡುವವರನ್ನು ಒಡೆಯ ಕರೆಯಬೇಕು. ಹೀಗೆ ಕರೆಯುವ ಕೆಲಸಕ್ಕೆ ಊರ ಹೋಟೆಲಿನ ಬಾಗಿಲಿಗೆ ಅಂಟಿಸುವ ಕರಪತ್ರಗಳೂ ವಾರಪತ್ರಿಕೆಗಳೂ ಒದಗಿದವು. ವಿಂಡ್ಸರ್ ಎಂಬ ಊರಿನಲ್ಲಿ 1783ರಲ್ಲಿಯೇ ವಾರಪತ್ರಿಕೆಯೊಂದು ಹುಟ್ಟಿತ್ತು. ರಟ್ಲೆಂಡಿನಲ್ಲಿ 1794ರಲ್ಲಿ ಇನ್ನೊಂದು ಬಂತು.

ಈ ಜಾಹೀರಾತುಗಳಿಗೆ ಒಂದು ಸಿದ್ಧ ಮಾದರಿಯುಂಟು. ಮೇಲೆ ಕುದುರೆಯ ಚಿಕ್ಕದೊಂದು ಚಿತ್ರ. ಅದು ಆ ಕುದುರೆಯ ಚಿತ್ರವೇ ಆಗಬೇಕಾಗಿಲ್ಲ. ಮುದ್ರಕನ ಬಳಿ ಇದ್ದ ಒಂದೇ ಮರದ ಅಚ್ಚು ಎಲ್ಲ ಕುದುರೆಗಳಿಗೂ ಸಲ್ಲುತ್ತಿತ್ತು. ಅದರ ಕೆಳಗೆ ಹೆಸರು, ಬಣ್ಣ, ಎತ್ತರ, ತಂದೆ ತಾತಂದಿರ ವಂಶಾವಳಿ. ಬಳಿಕ ಕರಾರು: ಒಂದು ಸಲಕ್ಕೆ ಇಷ್ಟು, ಇಡೀ ಋತುವಿಗೆ ಇಷ್ಟು, ಗಬ್ಬ ನಿಲ್ಲುವುದೆಂಬ ಭರವಸೆಯ ಮೇಲೆ ಇಷ್ಟು. ಹಣವಿಲ್ಲದವರಿಂದ ಸುಗ್ಗಿಯ ನಂತರ ಧಾನ್ಯ ತೆಗೆದುಕೊಳ್ಳುವ ಸೌಲಭ್ಯ; ದೂರದಿಂದ ಬರುವ ಹೆಣ್ಣುಕುದುರೆಗಳಿಗೆ ಹುಲ್ಲುಗಾವಲಿನ ಏರ್ಪಾಟು. ಕುದುರೆಯ ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಆದ್ದರಿಂದ ವಸಂತದಿಂದ ನಡುಬೇಸಗೆಯವರೆಗೆ ಈ ವ್ಯವಹಾರ ನಡೆದರೆ, ಮುಂದಿನ ವಸಂತದಲ್ಲಿ ಎಳೆಯ ಹುಲ್ಲು ಚಿಗುರುವಾಗ ಮರಿ ಹುಟ್ಟುತ್ತದೆ. ಜಾಹೀರಾತಿನ ಆಯುಷ್ಯವೂ ಆ ಮೂರು ನಾಲ್ಕು ತಿಂಗಳು ಮಾತ್ರ.

ಇಂಥ ಜಾಹೀರಾತು ಕೊಟ್ಟವರಲ್ಲಿ ಒಬ್ಬ ಜಸ್ಟಿನ್ ಮಾರ್ಗನ್. 1747ರಲ್ಲಿ ಮ್ಯಾಸಚೂಸೆಟ್ಸಿನ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿದ ಈತ ವೃತ್ತಿಯಿಂದ ಸಂಗೀತದ ಮೇಷ್ಟ್ರು. ಊರಿಂದೂರಿಗೆ ಹೋಗಿ ಜನರಿಗೆ ಇಗರ್ಜಿಯ ಹಾಡುಗಾರಿಕೆಯನ್ನು ಕಲಿಸುತ್ತಿದ್ದ. ‘ಅಮಾಂಡಾ’, ‘ಮಾಂಟ್ಗೊಮರಿ’ ಮೊದಲಾದ ಸ್ವರರಚನೆಗಳನ್ನು ಸ್ವತಃ ಮಾಡಿದ್ದ. ಜೊತೆಗೆ ಬೀಜದ ಕುದುರೆಗಳನ್ನು ಸಾಕುವ ಕಸುಬೂ ಇತ್ತು. 1788ರಲ್ಲಿ ಸಂಸಾರಸಮೇತ ವರ್ಮಾಂಟಿನ ರ್ಯಾಂಡಾಲ್ಫಿಗೆ ಬಂದು ನೆಲಸಿದ. ಮೂರೇ ವರ್ಷಗಳಲ್ಲಿ ಹೆಂಡತಿ ತೀರಿಕೊಂಡಳು. ಮಕ್ಕಳನ್ನು ನೆರೆಹೊರೆಯ ಮನೆಗಳಲ್ಲಿ ಬಿಡಬೇಕಾಯಿತು. ಪಾಠ ಹೇಳಿ, ಊರ ದಫ್ತರದ ಗುಮಾಸ್ತಗಿರಿ ಮಾಡಿ ಅವನು ದಿನ ದೂಡಿದ. ಅವನ ಬಳಿ ಒಂದು ಗಂಡುಕುದುರೆ ಇತ್ತು, ಹೆಸರು ಫಿಗರ್. ಕಂದು ಮೈ, ಕಪ್ಪು ಕೇಸರ. ನಾಲ್ಕು ಅಂಗುಲಕ್ಕೆ ಒಂದು ‘ಕೈ’ ಎಂಬ ಕುದುರೆಯವರ ಅಳತೆಯಲ್ಲಿ ಸುಮಾರು ಹದಿನಾಲ್ಕು ಕೈ ಎತ್ತರ. ಅಂದರೆ ಗಿಡ್ಡ ಕುದುರೆಯೇ.

ಗಿಡ್ಡದಾದರೂ ಅದರ ಸತ್ತ್ವ ಅಸಾಧಾರಣವಾದುದು. ಮಾರ್ಗನ್ ಅದನ್ನು ವರ್ಷಕ್ಕೆ ಹದಿನೈದು ಡಾಲರಿಗೆ ಒಬ್ಬ ರೈತನಿಗೆ ಬಾಡಿಗೆ ಕೊಟ್ಟನೆಂದೂ, ಬೇರೆ ಕುದುರೆಗಳು ಕದಲಿಸಲಾರದ ಮರದ ದಿಮ್ಮಿಯನ್ನು, ಅದರ ಮೇಲೆ ಮೂವರು ಆಳುಗಳು ಕುಳಿತಿರುವಾಗ, ಅದು ಗರಗಸದ ಕಾರ್ಖಾನೆಗೆ ಎಳೆದು ತಂದಿತೆಂದೂ ಲಿನ್ಸ್‌ಲಿ ಎಂಬವನು 1857ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬರೆದಿದ್ದಾನೆ. ಅದರ ಮರಿಗಳು, ತಾಯಿ ಯಾವ ಬಗೆಯದಾದರೂ, ತಂದೆಯನ್ನೇ ಹೋಲುತ್ತಿದ್ದವಂತೆ. ಶೆರ್ಮನ್, ಬುಲ್ರಷ್, ವುಡ್‌ಬರಿ ಎಂಬ ಮೂರು ಗಂಡುಮರಿಗಳಿಂದ ವಂಶ ಹಬ್ಬಿ, ಇಂದು ‘ಮಾರ್ಗನ್’ ಎಂಬ ಹೆಸರಿನ ಒಂದು ತಳಿಯೇ ಇದೆ. 1961ರಲ್ಲಿ ವರ್ಮಾಂಟ್ ಅದನ್ನು ತನ್ನ ರಾಜ್ಯಪ್ರಾಣಿಯೆಂದು ಸಾರಿತು.

ಇಷ್ಟು ಕೀರ್ತಿ ಬಂದ ಮೇಲೆ ಮೂಲಪುರುಷನ ಜಾತಕವನ್ನು ಜನ ಕೇಳದಿರುತ್ತಾರೆಯೇ? ಉತ್ತರ ಹೇಳಲು ಮಾರ್ಗನ್ ಬದುಕಿರಲಿಲ್ಲ. 1842ರಲ್ಲಿ ಅವನ ಮಗ ಆಲ್ಬನಿಯ ಕೃಷಿಪತ್ರಿಕೆಯೊಂದಕ್ಕೆ ಕಾಗದ ಬರೆದ. ಬರಬೇಕಾಗಿದ್ದ ಸಾಲವನ್ನು ವಸೂಲು ಮಾಡಲು ತಂದೆ 1795ರಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಹೋದನೆಂದೂ, ಹಣದ ಬದಲು ಎರಡು ಕುದುರೆಗಳನ್ನು ಹೊಡೆದುಕೊಂಡು ಬಂದನೆಂದೂ, ಅವುಗಳಲ್ಲಿ ಎರಡು ವರ್ಷದ ಗಂಡುಮರಿಯೇ ಈ ಕುದುರೆಯೆಂದೂ ಅವನ ಹೇಳಿಕೆ. ಬಡ ಮೇಷ್ಟ್ರು, ಕೈಗೆ ಬಾರದ ಸಾಲ, ಯಾರಿಗೂ ಬೇಡದ ಗಿಡ್ಡ ಮರಿ: ಕಥೆಗೆ ಬೇಕಾದುದೆಲ್ಲ ಅದರಲ್ಲಿದೆ. ಲಿನ್ಸ್‌ಲಿ ಅದನ್ನು ಒಪ್ಪಿ, ಕುದುರೆ ಹುಟ್ಟಿದ್ದು 1793ರಲ್ಲಿ ಎಂದು ಬರೆದ. 1945ರಲ್ಲಿ ಮಾರ್ಗರೀಟ್ ಹೆನ್ರಿ ಇದೇ ಕುದುರೆಯನ್ನು ಕುರಿತು ಬರೆದ ಮಕ್ಕಳ ಕಾದಂಬರಿ ಬಹು ಜನಪ್ರಿಯವಾಯಿತು. ಸಾಲಕ್ಕೆ ಬದಲಾಗಿ ಬಂದ ಮರಿಯ ಕಥೆ ಇನ್ನಷ್ಟು ಮನೆಗಳನ್ನು ಸೇರಿತು.

ಆದರೆ ಅದಕ್ಕೂ ಅರ್ಧ ಶತಮಾನ ಮೊದಲೇ ಜೋಸೆಫ್ ಬ್ಯಾಟೆಲ್ ಎಂಬಾತ ಬೇರೆ ದಾರಿ ಹಿಡಿದಿದ್ದ. ಮಿಡಲ್‌ಬರಿಯ ಈ ಶ್ರೀಮಂತ ಮಾರ್ಗನ್ ಕುದುರೆಗಳ ಪರಮ ಅಭಿಮಾನಿ. ಅವುಗಳ ವಂಶಾವಳಿಯ ಗ್ರಂಥವೊಂದನ್ನು ಸಿದ್ಧಪಡಿಸಲು ಹೊರಟು, ಹಳೆಯ ಪತ್ರಿಕೆಗಳ ಧೂಳು ಹಿಡಿದ ಸಂಪುಟಗಳಲ್ಲಿ ಬೀಜದ ಕುದುರೆಗಳ ಜಾಹೀರಾತುಗಳನ್ನು ಹುಡುಕಿಸಿದ. 1894ರಲ್ಲಿ ಗ್ರಂಥದ ಮೊದಲ ಸಂಪುಟ ಹೊರಬಂತು. ಅವನಿಗೆ ದೊರೆತ ಸಾಕ್ಷ್ಯ ಸರಳವಾದುದು: 1793ರಿಂದ 1795ರವರೆಗೆ, ವಸಂತದಿಂದ ವಸಂತಕ್ಕೆ, ಫಿಗರ್ ಎಂಬ ಗಂಡುಕುದುರೆಯ ಸೇವೆ ದೊರೆಯುವುದೆಂದು ಜಸ್ಟಿನ್ ಮಾರ್ಗನ್ನನೇ ಪ್ರಕಟಣೆ ಕೊಟ್ಟಿದ್ದ. ಒಮ್ಮೆ ರ್ಯಾಂಡಾಲ್ಫಿನಲ್ಲಿ, ಇನ್ನೊಮ್ಮೆ ಹಸಿರು ಬೆಟ್ಟಗಳ ಸಾಲಿನಾಚೆ ವಿಲಿಸ್ಟನ್, ಹೈನ್ಸ್‌ಬರ್ಗ್ ಊರುಗಳಲ್ಲಿ. 1793ರಲ್ಲಿ ಹುಟ್ಟಿದ ಮರಿ ಅದೇ ವರ್ಷ ಬೀಜದ ಕುದುರೆಯಾಗಲು ಸಾಧ್ಯವಿಲ್ಲವಷ್ಟೆ. ಬ್ಯಾಟೆಲ್ ಅದರ ಜನ್ಮವರ್ಷವನ್ನು 1789ಕ್ಕೆ ಹಿಂದೂಡಿದ. ತಜ್ಞರು ಇಂದು ಸಾಮಾನ್ಯವಾಗಿ ಒಪ್ಪುವುದು ಇದನ್ನೇ.

ಹಾಗಾದರೆ ಮಗ ಸುಳ್ಳು ಹೇಳಿದನೇ? ನನಗೆ ಹಾಗೆನಿಸುವುದಿಲ್ಲ. ನಮ್ಮ ಹಿತ್ತಿಲ ಬಾವಿಯನ್ನು ತಾವು ಹುಟ್ಟಿದ ವರ್ಷ ತೋಡಿಸಿದರೆಂದು ನನ್ನ ತಂದೆಯವರು ಜೀವಮಾನವೆಲ್ಲ ಹೇಳುತ್ತಿದ್ದರು. ಅವರ ಕಾಲಾನಂತರ ತಾತನವರ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಬಾವಿ ತೋಡಿದ ಒಡ್ಡರಿಗೆ ಕೊಟ್ಟ ರಾಗಿಯ ಲೆಕ್ಕ ಅದರಲ್ಲಿ ನಾಲ್ಕು ವರ್ಷ ಹಿಂದಿನ ಪುಟದಲ್ಲಿತ್ತು. ತಂದೆಯವರು ಸುಳ್ಳಾಡುವವರಲ್ಲ. ತಮ್ಮ ಹುಟ್ಟಿಗೂ ಮನೆಯ ನೀರಿಗೂ ಅವರು ಒಂದು ನಂಟು ಕಟ್ಟಿಕೊಂಡಿದ್ದರು. ವರ್ಷ ಆ ನಂಟಿಗೆ ಹೊಂದಿಕೊಂಡಿತು. ಮಾರ್ಗನ್ನನ ಮಗ 1795ರಲ್ಲಿ ಇನ್ನೂ ಬಾಲಕ. ತಾಯಿಯಿಲ್ಲದೆ ಪರರ ಮನೆಯಲ್ಲಿ ಬೆಳೆದವನು. ಕಾಗದ ಬರೆದದ್ದು ನಲವತ್ತೇಳು ವರ್ಷಗಳಾದ ಮೇಲೆ. ತಂದೆ ಬೆಟ್ಟ ಇಳಿದು ಕುದುರೆ ಹಿಡಿದುಕೊಂಡು ಬಂದ ದಿನ ಅವನ ಮನಸ್ಸಿನಲ್ಲಿ ಉಳಿದಿತ್ತು. ಅದು ಯಾವ ಸಲದ ಪ್ರಯಾಣ, ಯಾವ ಕುದುರೆ ಎಂಬುದು ಕಲಸಿಹೋಗಿದ್ದರೆ ಆಶ್ಚರ್ಯವೇನು?

ಇಷ್ಟಾದರೂ ಜಾಹೀರಾತು ಹೇಳಿದ್ದನ್ನೆಲ್ಲ ವೇದವಾಕ್ಯವೆಂದು ಸ್ವೀಕರಿಸಲಾಗದು. ಅವುಗಳಲ್ಲೊಂದರಲ್ಲಿ ಮಾರ್ಗನ್, ತನ್ನ ಕುದುರೆ ನ್ಯೂಯಾರ್ಕಿನ ಕರ್ನಲ್ ಡಿಲಾನ್ಸಿಯ ಕುದುರೆಯ ಸಂತಾನವೆಂದು ಹೇಳಿಕೊಂಡಿದ್ದಾನೆ. ಆ ತಂದೆಕುದುರೆ ‘ಟ್ರೂ ಬ್ರಿಟನ್’, ಯುದ್ಧಕಾಲದಲ್ಲಿ ಕರ್ನಲನಿಂದ ಕದ್ದು ತಂದ ಉಚ್ಚ ಕುಲದ ಕುದುರೆ ಎಂಬ ಐತಿಹ್ಯವಿದೆ. ಮಗನ ಹೇಳಿಕೆಯೋ, ಅದು ಡಚ್ ಜಾತಿಯದೆಂದು ತಂದೆ ಹೇಳುತ್ತಿದ್ದನೆಂಬುದು. ಈ ವಿವಾದ ಇನ್ನೂ ಮುಗಿದಿಲ್ಲ. ಬೀಜದ ಕುದುರೆಯ ಒಡೆಯನಿಗೆ ಕುಲವನ್ನು ಹಿಗ್ಗಿಸಿ ಹೇಳುವುದರಿಂದ ಲಾಭವುಂಟು. ಬ್ಯಾಟೆಲ್ಲನಿಗೂ ತನ್ನ ಅಚ್ಚುಮೆಚ್ಚಿನ ತಳಿ ರಾಜಕುಲದ್ದೆಂದು ತೋರಿಸುವ ಹಂಬಲವಿತ್ತು. ಆದರೆ ಕುದುರೆ ಈ ವಸಂತದಲ್ಲಿ ಯಾವ ಊರಿನ ಲಾಯದಲ್ಲಿ ದೊರೆಯುತ್ತದೆ ಎಂಬ ವಿಷಯದಲ್ಲಿ ಸುಳ್ಳು ಬರೆದರೆ ಗಿರಾಕಿ ಖಾಲಿ ಲಾಯದ ಮುಂದೆ ನಿಲ್ಲುತ್ತಾನೆ, ನಷ್ಟ ಒಡೆಯನಿಗೇ. ಆದ್ದರಿಂದ ಜಾಹೀರಾತಿನಲ್ಲಿ ಹೊಗಳಿಕೆಯನ್ನು ಬದಿಗಿಟ್ಟು ದಿನಾಂಕವನ್ನೂ ವಿಳಾಸವನ್ನೂ ನಂಬಬೇಕು. ಅದೇ ಪ್ರಕಟಣೆಯಲ್ಲಿ ಮಾರ್ಗನ್, ಕುಲಕ್ಕಿಂತ ಹೆಚ್ಚಿನ ಶಿಫಾರಸೆಂದರೆ ಈ ಕುದುರೆಯಿಂದ ಗಬ್ಬ ನಿಲ್ಲುವುದು ಖಚಿತ, ಮರಿಗಳೂ ಚೆನ್ನ ಎಂದಿದ್ದಾನೆ. ಆ ಮಾತು ನಿಜವೆಂದು ಮುಂದಿನ ತಲೆಮಾರುಗಳು ತೋರಿಸಿದವು.

1798ರ ಮಾರ್ಚಿನಲ್ಲಿ ರ್ಯಾಂಡಾಲ್ಫಿನಲ್ಲಿ ಮಾರ್ಗನ್ ಬಡವನಾಗಿಯೇ ತೀರಿಕೊಂಡ. ಅಷ್ಟರಲ್ಲಿ ಕುದುರೆ ಪರರ ಪಾಲಾಗಿತ್ತು. ಮುಂದೆ ಅದು ಒಡೆಯರಿಂದ ಒಡೆಯರಿಗೆ ಸಾಗುತ್ತ, ನೇಗಿಲೆಳೆದು, ಪಂದ್ಯಗಳಲ್ಲಿ ಓಡಿ, 1821ರಲ್ಲಿ ಇನ್ನೊಂದು ಕುದುರೆಯ ಒದೆತದಿಂದಾದ ಗಾಯಕ್ಕೆ ಬಲಿಯಾಯಿತು. ‘ಜಸ್ಟಿನ್ ಮಾರ್ಗನ್ನನ ಕುದುರೆ’ ಎಂದು ಗುರುತಿಸುತ್ತಿದ್ದ ಜನ ಕ್ರಮೇಣ ಕುದುರೆಯನ್ನೇ ‘ಜಸ್ಟಿನ್ ಮಾರ್ಗನ್’ ಎಂದು ಕರೆದರು. ಬ್ಯಾಟೆಲ್ ವೇಬ್ರಿಜ್‌ನಲ್ಲಿದ್ದ ತನ್ನ ಕುದುರೆಗಳ ಫಾರಂ ಅನ್ನು 1907ರಲ್ಲಿ ಸರಕಾರಕ್ಕೆ ದಾನ ಮಾಡಿದ. 1921ರಲ್ಲಿ ಅಲ್ಲಿ ಆ ಕುದುರೆಯ ಕಂಚಿನ ಪ್ರತಿಮೆ ನಿಂತಿತು. ಸಂಗೀತದ ಮೇಷ್ಟ್ರ ಹೆಸರು ಹೀಗೆ ಕುದುರೆಯ ಹೆಸರಾಗಿ ಲೋಕಪ್ರಸಿದ್ಧವಾಯಿತು.

ಕುದುರೆಯ ಸ್ವಂತ ಹೆಸರಾದ ‘ಫಿಗರ್’ ಜನರ ಬಾಯಿಂದ ಬಿದ್ದುಹೋಗಿತ್ತು. ಅದನ್ನು ಉಳಿಸಿಟ್ಟದ್ದು, ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಅಲ್ಲಲ್ಲಿ ಬಿಟ್ಟಿದ್ದ ಮನುಷ್ಯನೊಬ್ಬ, ಈ ವರ್ಷ ಧಾನ್ಯವಾದರೂ ಕೈಗೆ ಬಂದೀತೆಂದು ಅಚ್ಚು ಹಾಕಿಸಿದ ಆ ಕೆಲವು ಸಾಲುಗಳು. ನಮ್ಮ ಹಳೆಯ ಪತ್ರಿಕೆಗಳ ಕೊನೆಯ ಪುಟಗಳಲ್ಲಿಯೂ ಇಂಥ ಸಾಲುಗಳು ಎಷ್ಟಿವೆಯೋ! ರದ್ದಿಗೆ ಹಾಕುವ ಮುನ್ನ ಆ ಪುಟದ ಮೇಲೆ ಒಮ್ಮೆ ಕಣ್ಣಾಡಿಸಿರೆಂದು ನಿಮ್ಮನ್ನು ಕೇಳಿಕೊಂಡು ಈ ಮಾತುಗಳನ್ನು ಮುಗಿಸುತ್ತೇನೆ.