ವೈ: ಕಡಲು ದಾಟಿದ ನೀರಿನ ಹೆಸರು

ನ್ಯೂಜಿಲೆಂಡಿನ ರೊಟೊರುವಾ ಪಟ್ಟಣದ ಅಂಚಿಗೆ ಫಕರೆವರೆವ ಎಂಬ ಹಳ್ಳಿಯಿದೆ. ಅಲ್ಲಿನ ಪರೆಕೊಹುರು ಎಂಬ ಕುದಿಯುವ ಕೊಳದಲ್ಲಿ ಮುಸುಕಿನ ಜೋಳದ ತೆನೆಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಳಿಬಿಡುತ್ತಾರೆ. ಬಂದವರು ಅಲ್ಲೇ ನಿಂತು ಬಿಸಿಬಿಸಿ ತಿನ್ನುತ್ತಾರೆ. ಹಬೆ ಏಳುವ ನೆಲದ ಮೇಲೆ ಪೆಟ್ಟಿಗೆ ಕೂರಿಸಿ ಮಾಂಸ, ಗೆಣಸು ಬೇಯಿಸುತ್ತಾರೆ. ಕೊಳ ತುಂಬಿ ಹರಿದ ನೀರು ಕಾಲುವೆಯಲ್ಲಿ ತಣಿದು ಸ್ನಾನದ ತೊಟ್ಟಿ ಸೇರುತ್ತದೆ. ಇದು ನೋಡುಗರಿಗಾಗಿ ಕಟ್ಟಿದ ಊರಲ್ಲ. ತೂಹೊರಂಗಿ ಙಾತಿ ವಾಹಿಯಾವೊ ಕುಲದ ಮಾವೋರಿ ಮೂಲನಿವಾಸಿಗಳು ಇಲ್ಲಿ ಸಂಸಾರ ಹೂಡಿದ್ದಾರೆ.

ಬಿಸಿನೀರಿಗೆ ಇವರಲ್ಲಿ ಹಲವು ಹೆಸರು. ಕುದಿಯುವ ಬುಗ್ಗೆ ಙಾಫಾ (ನಮ್ಮಲ್ಲಿ ಪದದ ಮೊದಲಿಗೆ ಬರುವುದೇ ಅಪರೂಪವಾದ ಙಕಾರ ಇಲ್ಲಿ ಹೆಜ್ಜೆ ಹೆಜ್ಜೆಗೂ ಕೇಳುತ್ತದೆ), ಚಿಮ್ಮುವ ಬುಗ್ಗೆ ಪುಯಿಯಾ, ಮೈಗೆ ಹಿತವಾದದ್ದು ವೈಅರಿಕಿ. ಅರಿಕಿ ಎಂದರೆ ಕುಲದ ಒಡೆಯ, ವೈ ಎಂದರೆ ನೀರು.

ಈ ‘ವೈ’ ಬಹುದೂರದಿಂದ ಬಂದ ಪದ. ಭಾಷಾವಿದರು ಊಹಿಸುವ ಅದರ ಹಳೆಯ ರೂಪ ‘ವಹಿರ್’. ಅದೇ ಮೂಲದಿಂದ ಕವಲೊಡೆದ ಮಲಯ ಭಾಷೆಯಲ್ಲಿ ಮೊದಲಿನ ವಕಾರ ಬಿದ್ದು, ಕೊನೆಯ ರಕಾರ ಉಳಿದು ‘ಆಯಿರ್’ ಆಯಿತು. ಪೆಸಿಫಿಕ್ ಕಡೆಗೆ ದೋಣಿ ನಡೆಸಿದವರ ಬಾಯಲ್ಲಿ ರಕಾರ ಸವೆದು, ವಕಾರ ಉಳಿಯಿತು: ಫಿಜಿ, ಹವಾಯಿಗಳಲ್ಲಿ ವೈ, ಸಮೋವಾದಲ್ಲಿಯೂ ಹೆಚ್ಚುಕಡಿಮೆ ಅದೇ. ಮಲೇಷ್ಯಾದ ಪೆನಾಂಗಿನಲ್ಲಿ ಆಯಿರ್ ಈತಮ್ ಎಂಬ ಊರಿದೆ, ‘ಕರಿನೀರು’ ಎಂದರ್ಥ. ರೊಟೊರುವಾದ ದಕ್ಷಿಣಕ್ಕೆ 1900ರಿಂದ 1904ರವರೆಗೆ ಕೆಸರು ಬೆರೆತ ಕಪ್ಪು ನೀರನ್ನು ಆಕಾಶಕ್ಕೆ ಎರಚಿದ ದೈತ್ಯ ಚಿಲುಮೆಯ ಹೆಸರು ವೈಮಂಗು, ಅದರ ಅರ್ಥವೂ ‘ಕರಿನೀರು’. ಒಬ್ಬರನ್ನೊಬ್ಬರು ಮರೆತ ಎರಡು ಜನಾಂಗಗಳು ಕಪ್ಪು ನೀರು ಕಂಡಾಗ ಒಂದೇ ಬೇರಿನ ಪದ ಹಿಡಿದು ಕರೆದವು. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಟಹೀಟಿಯಲ್ಲಿ ಮಾತ್ರ ಪದಕ್ಕೆ ಸಂಚಕಾರ ಬಂತು. ಗಂಡನ ಹೆಸರು ಹೇಳಬಾರದೆಂದು ನಮ್ಮ ಹಳ್ಳಿಯ ಹೆಂಗಸರು ಬೇರೆ ಮಾತು ಹುಡುಕುತ್ತಿದ್ದಂತೆ, ಅರಸನ ಹೆಸರಿನಲ್ಲಿ ಸೇರಿದ ಶಬ್ದವನ್ನು ಅಲ್ಲಿನ ಪ್ರಜೆಗಳು ಆಡುವಂತಿರಲಿಲ್ಲ. ಹಾಗೆ ‘ವೈ’ ಬಿಟ್ಟು ನೀರಿಗೆ ‘ಪಪೆ’ ಎಂಬ ಮಾತು ನೆಲೆಯೂರಿತು. ಹಳೆಯ ಪದ ಸ್ಥಳನಾಮಗಳಲ್ಲಿ ಉಳಿದುಕೊಂಡಿತು.

ಮಾವೋರಿಗಳ ಪೂರ್ವಿಕರು ಸುಮಾರು 13ನೇ ಶತಮಾನದಲ್ಲಿ ನ್ಯೂಜಿಲೆಂಡಿನಲ್ಲಿ ಇಳಿದು, ಹೊಸ ನೆಲದ ಮೇಲೆಲ್ಲ ಈ ಪದ ಹಚ್ಚಿದರು. ಹರಿಯುವ ನೀರು ವೈಕಾಟೊ, ಪವಿತ್ರ ನೀರು ವೈಓಟಾಪು, ಉದ್ದದ ನೀರು ವೈರೋವಾ. 1886ರ ಜೂನ್ 10ರಂದು ತರವೆರಾ ಜ್ವಾಲಾಮುಖಿ ಸಿಡಿದು ಬೂದಿ, ಕೆಸರಿನಡಿ ಹೂತುಹೋದ ಹಳ್ಳಿಯೇ ತೆ ವೈರೋವಾ. ಬದುಕುಳಿದ ತೂಹೊರಂಗಿಗಳಲ್ಲಿ ಅನೇಕರು ನೆಲೆ ಕಂಡದ್ದು ಫಕರೆವರೆವದ ಬಿಸಿನೀರಿನ ಬಳಿ.

ಕುಡಿಯುವ ಸಿಹಿನೀರಿಗೆ ‘ವೈ ಮಾವೋರಿ’ ಎನ್ನುತ್ತಾರೆ. ಮಾವೋರಿ ಎಂದರೆ ಸಹಜ, ಸಾಮಾನ್ಯ. ಬಿಳಿಯರು ಬಂದ ಮೇಲೆ ತಾವು ‘ಸಾಮಾನ್ಯ ಜನ’ ಎಂದು ಹೇಳಿಕೊಂಡ ಮಾತು ಜನಾಂಗದ ಹೆಸರಾಯಿತು. ನೀರಿಗೂ ಜನಕ್ಕೂ ಒಂದೇ ವಿಶೇಷಣ.

‘ಕೊ ವೈ ಕೊಯೆ?’ ಎಂದರೆ ‘ನೀನು ಯಾರು?’ ಇಲ್ಲಿನ ವೈ ನೀರೇ, ‘ನೀನು ಯಾವ ನೀರು?’ ಎಂದೇ ಕೇಳಿದಂತೆ ಎಂದು ಹಲವರು ವಿವರಿಸುತ್ತಾರೆ. ವ್ಯುತ್ಪತ್ತಿ ಒಪ್ಪುವುದಿಲ್ಲ: ಟೊಂಗಾದಲ್ಲಿ ‘ಯಾರು’ ಎಂಬುದಕ್ಕೆ ‘ಹೈ’, ನೀರಿಗೆ ‘ವೈ’, ಎರಡರ ಬೇರೂ ಬೇರೆ. ಆದರೆ ಮಾವೋರಿಗಳು ಪರಿಚಯ ಹೇಳುವಾಗ ತಮ್ಮ ಬೆಟ್ಟ, ತಮ್ಮ ನೀರನ್ನು ಹೆಸರಿಸಿ, ಆಮೇಲೆ ಸ್ವಂತ ಹೆಸರಿಗೆ ಬರುತ್ತಾರೆ. ಹಾಗಾಗಿ ವ್ಯುತ್ಪತ್ತಿಯ ಪುಟದಲ್ಲಿ ಜಾಗವಿಲ್ಲದಿದ್ದರೂ, ಈ ಜೋಡಣೆಯನ್ನು ಪದದ ಚರಿತ್ರೆಯಿಂದ ಹೊರಗಿಡಲು ನಾನು ಒಪ್ಪಲಾರೆ.